ಒದೆಯದ ಬಂದೂಕು

ಹೆಬ್ಬಾಳದ ಕೆರೆಯಲ್ಲಿ ಒಂದು ಪುಟ್ಟ ದೋಣಿ ನಿಂತಿದೆ ಎಂದಿಟ್ಟುಕೊಳ್ಳಿ. ಅದರಿಂದ ಹುಡುಗನೊಬ್ಬ (ಈಜು ಬಲ್ಲವನೇ ಆಗಿರಲಿ) ನೀರಿಗೆ ಧುಮುಕಿದರೆ ದೋಣಿ ಹಿಂದಕ್ಕೆ ಸರಿಯುತ್ತದೆ. ಒಂದೇ ತೂಕದ ಇಬ್ಬರು ಹುಡುಗರು ಎರಡು ತುದಿಗಳಿಂದ ಒಂದೇ ಕ್ಷಣಕ್ಕೆ, ಒಂದೇ ವೇಗದಲ್ಲಿ ವಿರುದ್ಧ ದಿಕ್ಕಿಗೆ ಧುಮುಕಿದರೆ? ದೋಣಿ ಇದ್ದಲ್ಲೇ ಇರುತ್ತದೆ. ಪಿಯುಸಿ ಪುಸ್ತಕದ ಸಂವೇಗ ಸಂರಕ್ಷಣೆಯ ನಿಯಮ ಇದೇ. 1970ರ ದಶಕದ ಆರಂಭದಲ್ಲಿ ಸೋವಿಯತ್ ಒಕ್ಕೂಟದ ಇಝೆವ್‌ಸ್ಕ್ ನಗರದ ಶಸ್ತ್ರ ಕಾರ್ಖಾನೆಯಲ್ಲಿ ಯೂರಿ ಅಲೆಕ್ಸಾಂಡ್ರೊವ್ ಎಂಬ ವಿನ್ಯಾಸಕ ಈ ನಿಯಮವನ್ನು ರೈಫಲ್ಲಿನೊಳಗೆ ಕೂರಿಸಿದ. ಆ ಪ್ರಾಯೋಗಿಕ ರೈಫಲ್ಲಿನ ಹೆಸರು ಎಎಲ್–7.

ಬಂದೂಕು ಭುಜಕ್ಕೆ ಒದೆಯುತ್ತದೆ ಎಂಬುದು ಎನ್‌ಸಿಸಿ ಶಿಬಿರದಲ್ಲಿ ಗುಂಡು ಹಾರಿಸಿದ ಯಲಹಂಕ, ಆರ್.ಟಿ. ನಗರದ ವಿದ್ಯಾರ್ಥಿಗಳಿಗೆ ಗೊತ್ತು. ಸ್ವಯಂಚಾಲಿತ ರೈಫಲ್ಲಿನಲ್ಲಿ ಈ ಒದೆತ ಒಂದಲ್ಲ, ಮೂರು. ಗುಂಡು ಮುಂದಕ್ಕೆ ಹಾರುವಾಗ ಮೊದಲನೆಯದು. 3.4 ಗ್ರಾಂ ಗುಂಡು ಸೆಕೆಂಡಿಗೆ 900 ಮೀಟರ್ ವೇಗದಲ್ಲಿ ಹೊರಟರೆ, 3.3 ಕಿಲೋ ರೈಫಲ್ ಸೆಕೆಂಡಿಗೆ ಸುಮಾರು 0.9 ಮೀಟರ್ ವೇಗದಲ್ಲಿ ಹಿಂದೆ ಬರಬೇಕು. ಲೆಕ್ಕ ಮಾಡಿ ನೋಡಿ. ಆಮೇಲೆ ಸಿಡಿಮದ್ದಿನ ಅನಿಲ ನೂಕಿದ ಭಾರವಾದ ಬೋಲ್ಟ್ ಹಿಂಬದಿಗೆ ಅಪ್ಪಳಿಸಿದಾಗ ಎರಡನೆಯದು. ಸ್ಪ್ರಿಂಗ್ ಅದನ್ನು ವಾಪಸು ತಳ್ಳಿ, ಅದು ಮುಂದೆ ಬಡಿದಾಗ ಮೂರನೆಯದು. ನಿಮಿಷಕ್ಕೆ 600 ಗುಂಡು ಎಂದರೆ ಇದೆಲ್ಲ ಸೆಕೆಂಡಿಗೆ ಹತ್ತು ಸಲ! ಗುರಿ ತಪ್ಪದೆ ಇನ್ನೇನು?

ಅಲೆಕ್ಸಾಂಡ್ರೊವ್ ಬೋಲ್ಟಿಗೆ ಜೋಡಿಯಾಗಿ ಸಮತೂಕದ ಇನ್ನೊಂದು ಉಕ್ಕಿನ ತುಂಡನ್ನಿಟ್ಟು, ನಡುವೆ ಹಲ್ಲುಚಕ್ರ ಹಾಕಿದ. ಒಂದು ಹಿಂದೆ ಓಡಿದರೆ ಇನ್ನೊಂದು ಮುಂದೆ. ಎರಡರ ಹೊಡೆತವೂ ಒಟ್ಟಿಗೇ ಬಿದ್ದು ಪರಸ್ಪರ ಕಳೆದುಹೋಗುತ್ತದೆ. ಮೊದಲನೆಯ ಒದೆತ ಮಾತ್ರ ಉಳಿಯುತ್ತದೆ; ಗುಂಡು ಹೊರಗೆ ಹೋಗಲೇಬೇಕಲ್ಲ. ಕೊಲ್ಲುವ ಯಂತ್ರಕ್ಕೆ ಇಷ್ಟು ಜಾಣತನ ಖರ್ಚಾಯಿತಲ್ಲ ಎಂದು ಪಾಲಕರು ಬೇಸರಪಟ್ಟರೆ ತಪ್ಪಿಲ್ಲ.

ಆದರೂ 1974ರಲ್ಲಿ ಸೋವಿಯತ್ ಸೇನೆಗೆ ಆಯ್ಕೆಯಾದದ್ದು ಕಲಾಷ್ನಿಕೊವ್‌ನ ಎಕೆ–74. ಹಲ್ಲುಚಕ್ರದ ಬಂದೂಕು ದುಬಾರಿ, ಜಟಿಲ. ಕಲಾಷ್ನಿಕೊವ್ ತಯಾರಿಸುವ ಯಂತ್ರಗಳೂ ಬಳಸುವ ಕೈಗಳೂ ಆಗಲೇ ಸಿದ್ಧವಿದ್ದವು. ಅಲ್ಲಿನ ಮೇಲ್ತರಗತಿಯ ಮಕ್ಕಳು ಅದನ್ನು ಬಿಚ್ಚಿ ಜೋಡಿಸುವುದನ್ನು ಶಾಲೆಯಲ್ಲೇ ಪಾಠವಾಗಿ ಕಲಿಯುತ್ತಿದ್ದರು. (ನಮ್ಮಲ್ಲಿ ಪಿಪೆಟ್ಟು ಒಡೆಯದಿದ್ದರೆ ಸಾಕು.) ಲಕ್ಷಾಂತರ ಹೊಸಬರ ಕೈಗೆ ಕೊಡುವ ವಸ್ತು ಸರಳವಾಗಿರಲಿ ಎಂಬ ಲೆಕ್ಕಾಚಾರವನ್ನು ಸುಲಭವಾಗಿ ತಳ್ಳಿಹಾಕಲಾಗದು.

1990ರ ದಶಕದಲ್ಲಿ ಅಲೆಕ್ಸಾಂಡ್ರೊವ್ ಅದೇ ಉಪಾಯವನ್ನು ಎಕೆ–107 ಎಂಬ ಹೆಸರಿನಲ್ಲಿ ಮತ್ತೆ ಮುಂದಿಟ್ಟ. ಆಗಲೂ ಸೇನೆ ಒಲಿಯಲಿಲ್ಲ. ಈ ತತ್ತ್ವ ಕೊನೆಗೂ ರಷ್ಯಾ ಸೇನೆಯ ಬಾಗಿಲು ದಾಟಿದ್ದು 2018ರಲ್ಲಿ, ಕೊವ್ರೊವ್ ನಗರದ ಕಾರ್ಖಾನೆಯ ಎ–545 ರೈಫಲ್ಲಿನೊಳಗೆ.