ಉಳಿಯುವ ಒಂದು ವರ್ಷದ ಲೆಕ್ಕ

ಪವಾಯಿಯ ಐಐಟಿಯಲ್ಲಿ ಬಿ.ಟೆಕ್.ಗೆ 4 ವರ್ಷ, ಎಂ.ಟೆಕ್.ಗೆ 2 ವರ್ಷ; ಎರಡನ್ನೂ ಕೂಡಿಸಿ ಓದಿದರೆ 5 ವರ್ಷ ಸಾಕು. ಒಂದು ವರ್ಷ ಉಳಿಯಿತೆಂದರೆ ಹೋಟೆಲಿನಲ್ಲಿ ದುಡಿಯುವ ತಂದೆಗೆ ಒಂದು ವರ್ಷದ ಸಾಲ ತಪ್ಪಿದಂತೆ. ಇದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ.

ವಿಜ್ಞಾನದ ಲೆಕ್ಕ ಹಾಗಲ್ಲ. 2020ರ ಶಿಕ್ಷಣ ನೀತಿಯಂತೆ 4 ವರ್ಷ ಬಿ.ಎಸ್ಸಿ. ಓದಿದವರಿಗೆ ಎಂ.ಎಸ್ಸಿ. ಒಂದೇ ವರ್ಷ. ಹಿಂದೆ 3ಕ್ಕೆ 2 ಕೂಡಿ 5; ಈಗ 4ಕ್ಕೆ 1 ಕೂಡಿ 5. ಉಳಿದದ್ದೇನು? ಬಿಲ್ಲು ಕೂಡಿಸಿ ಪಳಗಿದವರು ನಾವು, ಬಂಧುಗಳೇ; ‘ಒಂದೇ ವರ್ಷ’ ಎಂಬ ಬೋರ್ಡಿಗೆ ಮರುಳಾಗಬಾರದು.

ಇಂಜಿನಿಯರಿಂಗಿನ ಕೂಡುಪದವಿಗೆ ಮಕ್ಕಳನ್ನು ಸೇರಿಸುವವರು ಸಹಿ ಹಾಕುವ ಮುನ್ನ ಕಾಲೇಜಿನವರನ್ನು ಕೇಳಿರಿ: ನಡುವೆ ಮನೆ ಕಷ್ಟಕ್ಕೆ ಬಿದ್ದರೆ ನಾಲ್ಕು ವರ್ಷಕ್ಕೇ ಬಿ.ಟೆಕ್. ಕೊಟ್ಟು ಕಳಿಸುತ್ತೀರಾ? ಉತ್ತರವನ್ನು ಬರಹದಲ್ಲಿ ಪಡೆಯಿರಿ.