ಚಂದ್ರ ಕಾಣುವ ಮುಂಚೆ ಬಸ್ ಹತ್ತಬೇಡಿ

ಯುಗಾದಿಗೆಂದು ಊರಿಗೆ ಬರುವ ನಮ್ಮ ವಯಸ್ಸಿನವರಲ್ಲಿ ಎಷ್ಟೋ ಮಂದಿ ಹೊಸ ವರ್ಷ ಬರುವ ಮೊದಲೇ ಊರು ಬಿಟ್ಟಿರುತ್ತಾರೆ. ಹಬ್ಬದ ಹಿಂದಿನ ದಿನ ಬೆಂಗಳೂರಿನಲ್ಲಿ ರೈಲು ಹತ್ತಿ ಅರಸೀಕೆರೆಯಲ್ಲಿ ಇಳಿಯುವುದು, ಬಸ್ಸಿಗೆ ಕಾದು ಜಾವಗಲ್ ಮೇಲೆ ಹಳೇಬೀಡಿನ ಕಡೆಗೋ ಬೇಲೂರಿನ ಕಡೆಗೋ ಬರುವುದು. ಬೆಳಿಗ್ಗೆ ಎಣ್ಣೆಸ್ನಾನ, ಬೇವು-ಬೆಲ್ಲ, ಮಧ್ಯಾಹ್ನ ಒಬ್ಬಟ್ಟಿನ ಊಟ, ಒಂದು ಫೋಟೊ, ಒಂದು ಸ್ಟೇಟಸ್. ಸಂಜೆ ಐದಕ್ಕೆ ಮತ್ತೆ ಬ್ಯಾಗು ಹೆಗಲಿಗೆ. ಡಬ್ಬಿಯಲ್ಲಿ ನಾಲ್ಕು ಒಬ್ಬಟ್ಟು. ಹಬ್ಬ ಮುಗಿಯಿತು.

ನನ್ನ ತಕರಾರು ಇರುವುದು ಇಲ್ಲೇ. ನಮ್ಮ ಕಡೆ ಯುಗಾದಿ ಒಂದು ದಿನಕ್ಕೆ ಮುಗಿಯುವ ಹಬ್ಬವಲ್ಲ. ಮರುದಿನ ವರ್ಷತೊಡಕು, ಕೆಲವರ ಬಾಯಲ್ಲಿ ಹೊಸತೊಡಕು. ಆ ಸಂಜೆ ಚಂದ್ರನನ್ನು ನೋಡಿ, ಮನೆಯ ಹಿರಿಯರ ಕಾಲಿಗೆ ಬಿದ್ದು ಎದ್ದ ಮೇಲೆಯೇ ವರ್ಷ ಹೊಸದಾಯಿತು ಎಂದು ಲೆಕ್ಕ. ಅಲ್ಲಿಯವರೆಗೆ ನಡೆಯುವುದೆಲ್ಲ ತಯಾರಿ. ತಯಾರಿ ಮಾಡಿ, ಕಾರ್ಯಕ್ರಮ ಶುರುವಾಗುವಾಗ ಎದ್ದು ಹೋಗುತ್ತಿದ್ದೇವೆ ನಾವು.

ಪರೀಕ್ಷೆಗೆ ಓದುವ ಗೆಳೆಯರಿಗೆ ಒಂದು ಮಾತು. ಬೇಲೂರಿನ ಚನ್ನಕೇಶವ ದೇವಾಲಯ ಎಂದರೆ 1117, ವಿಷ್ಣುವರ್ಧನ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೊ ಪಟ್ಟಿಗೆ ಸೇರಿದ್ದನ್ನೂ ನೋಟ್ಸ್‌ಗೆ ಸೇರಿಸಿಕೊಂಡಿದ್ದೇವೆ. ಆದರೆ ಪ್ರತಿಷ್ಠೆಯ ತಿಥಿ ಯಾವುದು ಎಂದು ನೋಡಿರುವುದಿಲ್ಲ. ಶಕ ವರ್ಷ 1039, ಹೇಮಲಂಬಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ. ಇಂಗ್ಲಿಷ್ ಲೆಕ್ಕದಲ್ಲಿ 1117ರ ಮಾರ್ಚ್ 10, ಶನಿವಾರ. ಅಂದರೆ ಆ ವರ್ಷದ ಯುಗಾದಿಯ ಐದನೇ ದಿನ! ಅರವತ್ತು ಸಂವತ್ಸರಗಳ ಚಕ್ರ ಸರಿಯಾಗಿ 15 ಸುತ್ತು ಮುಗಿಸಿ 2017ರಲ್ಲಿ ಮತ್ತೆ ಹೇಮಲಂಬಿ ಬಂದಾಗ ಗುಡಿಗೆ 900 ವರ್ಷ. ಚನ್ನಕೇಶವನ ತೇರು ಇಂದಿಗೂ ಚೈತ್ರದಲ್ಲೇ, ಯುಗಾದಿ ಕಳೆದ ಮೇಲೆ. ಹೊಸ ವರ್ಷವನ್ನು ನಿಧಾನವಾಗಿ, ದಿನಗಟ್ಟಲೆ ಬರಮಾಡಿಕೊಳ್ಳುವುದು ಈ ಸೀಮೆಗೆ ಹಳೆಯ ಅಭ್ಯಾಸ.

ಹಬ್ಬದ ಮೊದಲ ದಿನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹರಳೆಣ್ಣೆ, ಬೇವಿನ ಸೊಪ್ಪು ಹಾಕಿ ಕಾಯಿಸಿದ ನೀರು, ಮಾವಿನ ತೋರಣ ಎಲ್ಲರ ಮನೆಯಲ್ಲೂ ಇರುವುದೇ. ಸಂಜೆ ದೇವಸ್ಥಾನದ ಜಗುಲಿಯಲ್ಲಿ ಪಂಚಾಂಗ ಓದುತ್ತಾರೆ. ಯಾವ ಮಳೆ ಹೇಗೆ, ಯಾವ ರಾಶಿಗೆ ಆಯ ಎಷ್ಟು, ವ್ಯಯ ಎಷ್ಟು. ಆಯ ಎರಡು, ವ್ಯಯ ಹದಿನಾಲ್ಕು ಎಂದು ಓದಿದ ಕೂಡಲೇ ಹಿಂದಿನ ಸಾಲಿನಲ್ಲಿ ಕೂತ ಡಿಗ್ರಿ ಮುಗಿಸಿದ ಹುಡುಗರೆಲ್ಲ ಒಟ್ಟಿಗೆ ನಗುತ್ತಾರೆ. ರಾಶಿ ಯಾವುದಾದರೇನು, ಪಿ.ಜಿ. ಬಾಡಿಗೆ ಕಟ್ಟುವವರ ಲೆಕ್ಕ ಅದೇ ತಾನೆ.

ಹೊನ್ನಾರಿನ ಬಗ್ಗೆ ಮಾತ್ರ ಸ್ವಲ್ಪ ಹೇಳಲೇಬೇಕು. ಹೊಸ ವರ್ಷದ ಮೊದಲ ಉಳುಮೆಗೆ ನಮ್ಮಲ್ಲಿ ಹೊನ್ನಾರು ಎನ್ನುತ್ತಾರೆ. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹೂ ಕಟ್ಟಿ, ನೇಗಿಲಿಗೆ ಪೂಜೆ ಮಾಡಿ ಹೊಲಕ್ಕೆ ಹೋಗಿ ನಾಲ್ಕು ಸಾಲು ಹೊಡೆದು ಬರುತ್ತಾರೆ. ಬಿತ್ತನೆಯ ಕಾಲವಲ್ಲ, ನೆಲ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಆದರೂ ಉಳುತ್ತಾರೆ. ಮುಂದೆ ಯಾರ ಆರು ಹೋಗಬೇಕು ಎಂಬುದನ್ನು ಪಂಚಾಂಗ ನೋಡಿ ನಿರ್ಧರಿಸುತ್ತಾರೆ. ಆ ವರ್ಷ ಯಾರ ಹೆಸರಿಗೆ ಕೂಡಿಬರುತ್ತದೋ ಅವರು ಮುಂದೆ, ಊರಿನ ಉಳಿದವರೆಲ್ಲ ಹಿಂದೆ. (ಈ ಹೆಸರು ನೋಡುವ ಪಟ್ಟಿಗೆ ಹೆಣ್ಣುಮಕ್ಕಳ ಹೆಸರು ಸೇರುವುದಿಲ್ಲ. ಅದರ ಬಗ್ಗೆ ಇನ್ನೊಂದು ಸಲ ಬರೆಯುತ್ತೇನೆ, ಇವತ್ತಿನ ಜಗಳ ಬೇರೆ.) ನಮ್ಮೂರಿನಲ್ಲಿ ಈಗ ಉಳಿದಿರುವುದು ನಾಲ್ಕು ಜೊತೆ ಎತ್ತು. ಅವುಗಳ ಹಿಂದೆ ಟ್ರ್ಯಾಕ್ಟರ್‌ಗಳು ಹೂವಿನ ಹಾರ ಹಾಕಿಕೊಂಡು ಸಾಲಾಗಿ ಹೋಗುತ್ತವೆ. ನೋಡಲು ತಮಾಷೆಯಾಗಿರುತ್ತದೆ, ಚೆಂದವೂ ಆಗಿರುತ್ತದೆ.

ಕಳೆದ ಯುಗಾದಿಯಲ್ಲಿ ಹೊನ್ನಾರಿಗೆ ಕೂಡಿಬಂದದ್ದು ನಮ್ಮ ದೊಡ್ಡಪ್ಪನ ಮಗನ ಹೆಸರು. ಅಣ್ಣ ಊರಲ್ಲಿರಲಿಲ್ಲ. ಬೆಂಗಳೂರಿನ ವಿಜಯನಗರದ ಒಂದು ಪಿ.ಜಿ.ಯಲ್ಲಿ ಕೂತು ಓದುತ್ತಿದ್ದ. ದೊಡ್ಡಪ್ಪ ಫೋನ್ ಮಾಡಿದರು. "ಟೆಸ್ಟ್ ಸೀರೀಸ್ ಇದೆ, ಬರಕ್ಕಾಗಲ್ಲ" ಅಂದ. ಪಂಚಾಂಗ ಓದುವವರು ಮತ್ತೆ ಪುಟ ತಿರುವಿ ಎರಡನೇ ಹೆಸರು ಹುಡುಕಿದರು. ದೊಡ್ಡಪ್ಪ ಆ ದಿನ ಹೊಲಕ್ಕೆ ಹೋದರು, ಆದರೆ ಹಿಂದಿನ ಸಾಲಿನಲ್ಲಿ.

ಅಣ್ಣ ಬಾರದೆ ಎರಡು ಯುಗಾದಿ ಆಯಿತು. ಟೆಸ್ಟ್ ಸೀರೀಸ್ ಇದ್ದದ್ದು ನಿಜವೇ. ಆದರೆ ಅದು ಕಾರಣವಲ್ಲ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು, ಕೆಲಸ ಹುಡುಕುತ್ತಿರುವ ನಿಮಗೂ ಗೊತ್ತಿರುತ್ತದೆ. ಕಾರಣ ಆ ಚಂದ್ರನ ಸಂಜೆ.

ನಮ್ಮ ಮನೆಯಲ್ಲಿ ಅದು ಹೀಗೆ ನಡೆಯುತ್ತದೆ. ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಮನೆ ಮುಂದಿನ ಕಣಕ್ಕೆ ಬರುತ್ತಾರೆ. ಪಶ್ಚಿಮದಲ್ಲಿ ತೆಂಗಿನ ಮರಗಳ ಸಾಲಿನ ಮೇಲೆ ಕೂದಲೆಳೆಯಂಥ ಚಂದ್ರ. ಹುಡುಕಬೇಕು, ಸುಮ್ಮನೆ ಕಾಣುವುದಿಲ್ಲ. ಸಾಮಾನ್ಯವಾಗಿ ಒಂದು ಗಂಟೆ, ಒಂದೂವರೆ ಗಂಟೆಯೊಳಗೆ ಅದೂ ಮುಳುಗುತ್ತದೆ. ಮೊದಲು ಕಂಡವರು ಕೂಗುತ್ತಾರೆ. ಕೋಡು ಯಾವ ಕಡೆ ಏರಿದೆ, ಮಳೆ ಹೇಗಾದೀತು, ಯಾವ ಬೆಳೆಗೆ ಬೆಲೆ ಬಂದೀತು ಎಂದು ಗಂಡಸರ ಚರ್ಚೆ. ಗಣೇಶನ ಹಬ್ಬದಲ್ಲಿ ಚಂದ್ರನನ್ನು ನೋಡಿ ಅಪವಾದ ಹೊತ್ತವರಿಗೆ ಯುಗಾದಿ ಚಂದ್ರನನ್ನು ನೋಡಿದರೆ ಪರಿಹಾರ ಎಂದು ಅಜ್ಜಿ ಹೇಳುತ್ತಾರೆ. ಅಜ್ಜಿಯ ಕಣ್ಣಿಗೆ ಈಗ ಅದು ಕಾಣುವುದಿಲ್ಲ. ಮನೆಯ ಚಿಕ್ಕ ಮಗು ಬೆರಳು ತೋರಿಸಿದ ಕಡೆಗೆ ಕೈ ಮುಗಿಯುತ್ತಾರೆ. ಆಮೇಲೆ ಕಿರಿಯರೆಲ್ಲ ಹಿರಿಯರ ಕಾಲಿಗೆ ಬೀಳಬೇಕು. ನಮ್ಮ ಮನೆ ಮುಗಿದ ಮೇಲೆ ಅಕ್ಕಪಕ್ಕದ ಮನೆ. ವರ್ಷವಿಡೀ ಮಾತು ಬಿಟ್ಟವರ ಮನೆಗೂ ಆ ಸಂಜೆ ಹೋಗುವುದುಂಟು. ಬದುವಿನ ಜಗಳ ಆಡಿದವರು ಕೂಡ ಕಾಲಿಗೆ ಬಿದ್ದ ಹುಡುಗನ ತಲೆ ಮೇಲೆ ಕೈಯಿಡದೆ ಕಳಿಸುವುದಿಲ್ಲ.

ಇಷ್ಟು ಒಳ್ಳೆಯ ಸಂಜೆಯನ್ನು ಹಿರಿಯರೇ ಹಾಳು ಮಾಡುತ್ತಿದ್ದಾರೆ ಎಂದು ನಾನು ಹೇಳಿದರೆ ಬೇಜಾರಾಗಬಾರದು. ಬಗ್ಗಿದವರು ಮೇಲೇಳುವ ಮೊದಲೇ ಪ್ರಶ್ನೆ ಬಿದ್ದಿರುತ್ತದೆ. "ಒಳ್ಳೇದಾಗ್ಲಿ ಕಣಪ್ಪ. ಕೆಲ್ಸ ಸಿಕ್ತಾ?" ಒಂದು ಮನೆಯಲ್ಲಾದರೆ ತಡೆದುಕೊಳ್ಳಬಹುದು. ಹನ್ನೆರಡು ಮನೆ, ಇಪ್ಪತ್ತು ಜೊತೆ ಕಾಲು, ಇಪ್ಪತ್ತು ಸಲ ಅದೇ ಪ್ರಶ್ನೆ. ಆ ಕಣದ ಕತ್ತಲಲ್ಲಿ ನಿಂತು ಪ್ರಿಲಿಮ್ಸ್ ಆಗಿದೆ, ಕೀ ಆನ್ಸರ್ ಬಂದಿದೆ, ತಾತ್ಕಾಲಿಕ ಪಟ್ಟಿಗೆ ಯಾರೋ ತಡೆಯಾಜ್ಞೆ ತಂದಿದ್ದಾರೆ ಎಂದು ವಿವರಿಸಲು ಯಾರಿಂದ ಆಗುತ್ತದೆ? ಹೆಣ್ಣುಮಕ್ಕಳಿಗೆ ಇದರ ಜೊತೆ ಇನ್ನೊಂದು ಪ್ರಶ್ನೆಯೂ ಉಚಿತ. ಅದು ಯಾವುದೆಂದು ಬರೆಯಬೇಕಿಲ್ಲ.

ಕೇಳುವವರು ಕೆಟ್ಟವರಲ್ಲ. ಅವರಿಗೆ ನಮ್ಮ ಬದುಕಿನ ಬಗ್ಗೆ ಕೇಳಲು ಬೇರೆ ಪ್ರಶ್ನೆ ಗೊತ್ತಿಲ್ಲ. ಹೊಲದಲ್ಲಿ ಸಿಕ್ಕವರನ್ನು "ಮಳೆ ಆಯ್ತಾ ನಿಮ್ ಕಡೆ" ಎಂದು ಕೇಳಿದಂತೆ ಇದನ್ನೂ ಕೇಳುತ್ತಾರೆ. ಆದರೆ ಮಳೆ ಬಾರದ್ದಕ್ಕೆ ಯಾರೂ ರೈತನನ್ನು ಬೈಯುವುದಿಲ್ಲ. ಅಧಿಸೂಚನೆ ಬಾರದ್ದಕ್ಕೆ ನಾವೇ ತಪ್ಪಿತಸ್ಥರಂತೆ ನಿಲ್ಲಬೇಕು. ಅಣ್ಣ ಎರಡು ವರ್ಷ ಹಾಗೆ ನಿಂತ, ಮೂರನೇ ವರ್ಷ ಬರಲಿಲ್ಲ.

ಕೆಲಸ ಸಿಕ್ಕವರ ಸಮಸ್ಯೆ ಇನ್ನೊಂದು. ಸರ್ಕಾರಿ ರಜೆ ಯುಗಾದಿಯ ಒಂದೇ ದಿನಕ್ಕೆ. 2025ರಲ್ಲಿ ಅದೂ ಭಾನುವಾರ ಬಂದು ಲೆಕ್ಕಕ್ಕೆ ಸಿಗಲಿಲ್ಲ. ಆದರೆ ಮರುದಿನ, ಮಾರ್ಚ್ 31ರ ಸೋಮವಾರ, ರಂಜಾನ್. ಹಾಗಾಗಿ ಆ ಸಲ ವರ್ಷತೊಡಕಿಗೆ ರಜೆ ಸಿಕ್ಕಿತು. ಊರಿನಲ್ಲಿ ಎಷ್ಟು ಜನ ಉಳಿದಿದ್ದರು ಗೊತ್ತೇ? ರಾತ್ರಿ ಜಗುಲಿಯಲ್ಲಿ ಮಲಗಲು ಜಾಗ ಇರಲಿಲ್ಲ. ಅಂದರೆ ಹುಡುಗರಿಗೆ ಆಸೆ ಇಲ್ಲವೆಂದಲ್ಲ, ಒಂದು ದಿನ ಕಡಿಮೆ ಬೀಳುತ್ತಿದೆ ಅಷ್ಟೆ. ಹಾಗಾದರೆ ಆ ಒಂದು ದಿನ ಕೇಳಿ ಪಡೆಯಿರಿ ಎನ್ನುತ್ತೇನೆ. ಡಿಸೆಂಬರ್ 31ರ ರಾತ್ರಿಗೆ ತಿಂಗಳ ಮುಂಚೆಯೇ ರಜೆ ಹೊಂದಿಸಿಕೊಳ್ಳುವ ನಾವು, ಇದಕ್ಕೆ ಯಾಕೆ ಸಂಕೋಚ ಪಡಬೇಕು? ಜನವರಿ ಒಂದರ ಬಗ್ಗೆ ನನಗೆ ಸಿಟ್ಟಿಲ್ಲ, ಕೇಕ್ ನಾನೂ ತಿನ್ನುತ್ತೇನೆ. ಆದರೆ ಅವತ್ತು ನನ್ನ ತಲೆ ಮೇಲೆ ಯಾರೂ ಕೈಯಿಡುವುದಿಲ್ಲ.

ಚಂದ್ರನ ಮಾತು ಬಂದಾಗ 2024 ನೆನಪಾಗುತ್ತದೆ. ಆ ವರ್ಷ ಯುಗಾದಿ ಏಪ್ರಿಲ್ 9ಕ್ಕೆ. ಅಮಾವಾಸ್ಯೆ ಮುಗಿದದ್ದೇ ಹಿಂದಿನ ರಾತ್ರಿ ಹನ್ನೆರಡರ ಹತ್ತಿರ, ಆದ್ದರಿಂದ ಹಬ್ಬದ ಸಂಜೆ ಚಂದ್ರ ಕಾಣುವಂತಿರಲಿಲ್ಲ. ಮರುದಿನ ವರ್ಷತೊಡಕಿಗೆ ನಾವು ಅಮ್ಮನ ತವರು ಅರಸೀಕೆರೆಯಲ್ಲಿದ್ದೆವು. ನಮ್ಮ ತಾರಸಿಯ ಮೇಲೆ ನಾವು, ಬೀದಿಯಾಚೆ ಎದುರಿನ ತಾರಸಿಯ ಮೇಲೆ ಆ ಮನೆಯವರು, ಮಾರನೇ ದಿನ ಅವರಿಗೆ ರಂಜಾನ್. ಎರಡೂ ಮನೆಯವರು ಹುಡುಕುತ್ತಿದ್ದದ್ದು ಒಂದೇ ಗೆರೆಯನ್ನು. ಮೊದಲು ಕಂಡದ್ದು ಅವರ ಮನೆಯ ಹುಡುಗಿಗೆ. ಅವಳು ಕೈ ತೋರಿಸಿದ ಮೇಲೆ ನಮ್ಮ ಮಾವನಿಗೂ ಕಂಡಿತು.

ವರ್ಷತೊಡಕಿನಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ನಾನು ಹೇಳುವುದಿಲ್ಲ. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಎಂಬ ನಂಬಿಕೆ ಇದೆ. ಅದಕ್ಕೇ ಅಮ್ಮ ಅವತ್ತು ಯಾರಿಗೂ ಬೈಯುವುದಿಲ್ಲ, ಸಾಲ ಕೊಡುವುದಿಲ್ಲ, ಬೆಳಿಗ್ಗೆ ನಮ್ಮ ಕೈಯಲ್ಲಿ ಒಂದು ಪುಟವಾದರೂ ಓದಿಸುತ್ತಾರೆ. ಇದೇ ನಂಬಿಕೆ ಇಟ್ಟುಕೊಂಡ ಊರಿನ ಅರ್ಧ ಗಂಡಸರು ಅವತ್ತೇ ಅರಳಿಕಟ್ಟೆಯ ಹಿಂದೆ ಇಸ್ಪೀಟು ಹಿಡಿದು ಕೂರುತ್ತಾರೆ. ನಿಯಮ ಮಾಡಿದವರು ಇದನ್ನು ಯೋಚಿಸಿದ್ದರೋ ಇಲ್ಲವೋ! ದುಡ್ಡು ಕಳೆದುಕೊಂಡವರ ಮನೆಯಲ್ಲಿ ಹಬ್ಬದ ಸಾಲ ದೀಪಾವಳಿವರೆಗೂ ತೀರುವುದಿಲ್ಲ. ಆ ಪದ್ಧತಿ ಹೋದರೆ ನಾನೇನೂ ಅಳುವುದಿಲ್ಲ. ಊಟದ ವಿಷಯದಲ್ಲೂ ಮನೆಯಿಂದ ಮನೆಗೆ ವ್ಯತ್ಯಾಸ. ನಮ್ಮಲ್ಲಿ ವರ್ಷವಿಡೀ ಚೀಟಿ ಕಟ್ಟಿ ಊರವರೆಲ್ಲ ಸೇರಿ ಮರಿ ಕಡಿದು ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಅಮ್ಮನ ತವರಿನ ಬೀದಿಯಲ್ಲಿ ಮಾಂಸ ಮುಟ್ಟದವರೇ ಹೆಚ್ಚು, ಅವರಿಗೆ ಉಳಿದ ಒಬ್ಬಟ್ಟಿನ ಸಾರೇ ಹಬ್ಬ, ಎರಡನೇ ದಿನ ಅದರ ರುಚಿಯೇ ಬೇರೆ. ಬೇಲೂರಿನ ಆಚೆ ಕಾಫಿ ಸೀಮೆಗೆ ಕೊಟ್ಟ ಅತ್ತೆಯ ಮನೆಯಲ್ಲಿ ಚಂದ್ರನಿಗಿಂತ ಮೋಡದ ಮೇಲೆ ಕಣ್ಣು ಹೆಚ್ಚು. ಕೊಯ್ಲು ಮುಗಿದು ಹೂಮಳೆಗೆ ಕಾಯುವ ಹೊತ್ತು ಅದು. ಆದರೆ ಕಾಲಿಗೆ ಬೀಳುವುದು ಮೂರೂ ಕಡೆ ಒಂದೇ.

ಹೋದ ತಿಂಗಳು ನಾನು ಮನೆಯಲ್ಲಿ ಒಂದು ಮಾತು ಎತ್ತಿದೆ. ಚಂದ್ರನನ್ನು ನೋಡುವ ಸಂಜೆ ಯಾರೂ ಯಾರನ್ನೂ ಕೆಲಸದ ಬಗ್ಗೆ, ಮದುವೆಯ ಬಗ್ಗೆ ಕೇಳಬಾರದು. ಕೇಳಲೇಬೇಕಿದ್ದರೆ ಮಾರನೇ ದಿನ ಬೆಳಿಗ್ಗೆ ಕಾಫಿ ಹೊತ್ತಿಗೆ ಕೇಳಿ. ಚಿಕ್ಕಪ್ಪ "ಕೇಳಿದ್ರೆ ಏನಾಗ್ಬುಡುತ್ತೆ" ಎಂದು ರೇಗಿದರು. ದೊಡ್ಡಪ್ಪ ಮಾತಾಡಲಿಲ್ಲ. ಅಜ್ಜಿ ಮಾತ್ರ "ಅವಳು ಹೇಳೋದು ಸರಿ ಅದೆ. ಆಶೀರ್ವಾದ ಮಾಡೋವಾಗ ಲೆಕ್ಕ ಕೇಳ್ತಾರಾ ಯಾರಾದ್ರೂ?" ಅಂದರು. ನಮ್ಮ ಮನೆಯ ಮಟ್ಟಿಗೆ ಕಾನೂನು ಪಾಸಾಯಿತು. ಅಕ್ಕಪಕ್ಕದ ಹನ್ನೊಂದು ಮನೆಗಳಿಗೆ ಹೇಳುವ ಜವಾಬ್ದಾರಿ ಅಮ್ಮನದು.

ಇದನ್ನು ಅಣ್ಣನಿಗೆ ಮೆಸೇಜ್ ಮಾಡಿದ್ದೇನೆ. ಎರಡು ನೀಲಿ ಟಿಕ್ ಬಿದ್ದಿವೆ, ಉತ್ತರ ಬಂದಿಲ್ಲ. ದೊಡ್ಡಮ್ಮ ಈ ಸಲದ ಚೀಟಿಯಲ್ಲಿ ಎರಡು ಗುಡ್ಡೆ ಬರೆಸಿದ್ದಾರೆ.