ಹಿರಿಯರಿಗೆ ಪುಣೆಯ ದಾರಿ ಗೊತ್ತು

ಗಣಪತಿ ವಿಸರ್ಜನೆಯ ಢೋಲ್-ತಾಶಾ ಸದ್ದು ಅಡಗಿ ಎರಡು ದಿನ ಕಳೆದರೆ ಪುಣೆ ಬೇರೆಯೇ ಊರಾಗುತ್ತದೆ. ಕಾರು ಬುಕ್ ಮಾಡಿದವರು ಡೆಲಿವರಿಯನ್ನು ಘಟಸ್ಥಾಪನೆಗೆ ಮುಂದೂಡುತ್ತಾರೆ. ಫ್ಲ್ಯಾಟ್ ಮೆಚ್ಚಿದವರೂ ಟೋಕನ್ ಹಣ ಕೊಡದೆ ಕಾಯುತ್ತಾರೆ. ಹಿಂಜವಡಿಯ ನಮ್ಮ ಆಫೀಸ್ ಕ್ಯಾಂಟೀನಿನಲ್ಲಿ ಚಿಕನ್ ಕೌಂಟರಿನ ಮುಂದಿನ ಸಾಲು ಕರಗುತ್ತದೆ. ಇಲ್ಲಿನವರು ಇದನ್ನು ‘ಪಿತೃ ಪಂಧರವಡಾ’ ಎನ್ನುತ್ತಾರೆ. ಭಾದ್ರಪದದ ಕೃಷ್ಣಪಕ್ಷ, ಅಂದರೆ ನಮ್ಮ ಪಿತೃಪಕ್ಷವೇ. ತಿಥಿಗಳು ಒಂದೇ, ಆಚರಣೆ ಬೇರೆ.

ಎಷ್ಟು ಬೇರೆ ಎಂಬುದು ನನಗೆ ಸರಿಯಾಗಿ ಗೊತ್ತಾಗಿದ್ದು 2025ರ ಸೆಪ್ಟೆಂಬರ್‌ನಲ್ಲಿ. ‘ಭಾನುವಾರ ಮನೆಯಲ್ಲಿ ಹಿರಿಯರ ಹಬ್ಬ, ಮಟನ್ ಸಾರು ಇರುತ್ತೆ, ಊಟಕ್ಕೆ ಬಾ’ ಎಂದು ಜೊತೆಗೆ ಕೆಲಸ ಮಾಡುವ ಮರಾಠಿ ಗೆಳೆಯನನ್ನು ಕರೆದೆ. ಅವನು ನನ್ನ ಮುಖವನ್ನೇ ನೋಡಿದ. ಅವರ ಮನೆಯಲ್ಲಿ ಈ ದಿನಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಶ್ರಾದ್ಧದ ದಿನ ಅಕ್ಕಿ ಖೀರು, ಉದ್ದಿನ ವಡೆ, ಆಮಸೂಲ್ ಚಟ್ನಿ. ಕಾಗೆಗೆ ಇಟ್ಟ ಮೇಲೆಯೇ ಮನೆಯವರ ಊಟ. ‘ನಿಮ್ಮಲ್ಲಿ ಸತ್ತವರಿಗೆ ಮಟನ್ನಾ?’ ಎಂದ. ‘ಬದುಕಿದ್ದಾಗ ತಿನ್ನುತ್ತಿದ್ದರಲ್ಲ’ ಎಂದೆ.

ಮಂಡ್ಯ, ಮೈಸೂರು ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ವರ್ಷದ ದೊಡ್ಡ ಊಟ ಪಿತೃಪಕ್ಷದ್ದೇ. ಗೋಡೆಗೆ ಒರಗಿಸಿದ ಫೋಟೊ, ಕಳಶ, ಹೊಸ ಪಂಚೆ, ಸೀರೆ. ಮುಂದೆ ಬಾಳೆ ಎಲೆ, ಅದರ ತುಂಬ ಮುದ್ದೆ, ಮಟನ್ ಸಾರು, ಕೈಮ ಉಂಡೆ, ಕಜ್ಜಾಯ, ಚಕ್ಕುಲಿ. ತಾತನಿಗೆ ಒಂದು ಕಟ್ಟು ಬೀಡಿ, ಅಜ್ಜಿಗೆ ಎಲೆ ಅಡಿಕೆ. ಧೂಪ ಹಾಕಿ, ಬಾಗಿಲು ಎಳೆದುಕೊಂಡು, ಎಲ್ಲರೂ ಜಗುಲಿಯಲ್ಲಿ ಕೂರುತ್ತೇವೆ. ಹಿರಿಯರು ಬಂದು ಉಣ್ಣಲಿ ಎಂದು. ಒಳಗೆ ಹೋಗುವ ಮುನ್ನ ಬಾಗಿಲು ತಟ್ಟಬೇಕು, ಉಣ್ಣುವವರಿಗೆ ಮುಜುಗರವಾಗಬಾರದಲ್ಲ! ನಮ್ಮ ಮನೆಯಲ್ಲಿ ಇದಕ್ಕೆ ಮಂತ್ರವಿಲ್ಲ, ಪುರೋಹಿತರಿಲ್ಲ.

ಗೆಳೆಯನಿಗೆ ಇಷ್ಟು ಹೇಳಿದರೆ ಸಾಕಾಯಿತು. ಕಷ್ಟವಾಗಿದ್ದು ಅಣ್ಣನನ್ನು ಒಪ್ಪಿಸುವುದು.

ಅಪ್ಪ ತೀರಿಕೊಂಡದ್ದು ಪುಣೆಯಲ್ಲಿ, 2021ರ ಏಪ್ರಿಲ್‌ನಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ. ಮೊಮ್ಮಗಳನ್ನು ನೋಡಿಕೊಂಡು ಹದಿನೈದು ದಿನಕ್ಕೆ ಹೊರಡುತ್ತೇನೆ ಎಂದು ಬಂದಿದ್ದವನು. ಅಣ್ಣ ಬರಲಾಗಲಿಲ್ಲ, ಎಲ್ಲವನ್ನೂ ವಿಡಿಯೊ ಕಾಲ್‌ನಲ್ಲಿ ನೋಡಿದ. ಓಡಾಟ ಸಲೀಸಾದ ಮೇಲೆ ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಒಯ್ದು ಕಾವೇರಿಯಲ್ಲಿ ಬಿಟ್ಟೆವು.

‘ಇನ್ನು ಮೇಲೆ ಪುಣೆಯಲ್ಲೂ ಎಡೆ ಇಡುತ್ತೇನೆ’ ಎಂದಾಗ ಅಣ್ಣ ಸಿಟ್ಟಾದ. ‘ಎಡೆ ಅಂದ್ರೆ ಹಟ್ಟಿಲೇ ಇಕ್ಕಬೇಕು ಕಣ್ಲಾ. ಹಿರೀಕ್ರಿಗೆ ಪೂನಾ ದಾರಿ ಗೊತ್ತಾಯ್ತದಾ?’

ಅವನ ಮಾತಿನಲ್ಲಿ ತೂಕವಿದೆ. ಎಡೆ ಒಂದೇ ಕಡೆ ಇದ್ದರೆ ಆ ಒಂದು ದಿನವಾದರೂ ಅಣ್ಣತಮ್ಮಂದಿರು, ಅಕ್ಕತಂಗಿಯರು ಒಂದೆಡೆ ಸೇರುತ್ತಾರೆ. ಜಮೀನು ಭಾಗವಾದರೂ ಎಡೆ ಭಾಗವಾಗಬಾರದು ಎಂಬುದು ಅವನ ಮಾತು. ಸರಿ, ಆದರೆ ನಾನು ಹೋಗುತ್ತಿದ್ದೆನೇ? ಮಹಾಲಯ ಅಮಾವಾಸ್ಯೆಗೆ ಕರ್ನಾಟಕದಲ್ಲಿ ಸರ್ಕಾರಿ ರಜೆ, ಮಹಾರಾಷ್ಟ್ರದಲ್ಲಿ ಇಲ್ಲ. ಒಂಬೈನೂರು ಕಿಲೋಮೀಟರಿಗೂ ಹೆಚ್ಚು ದೂರ. ಮೂರು ವರ್ಷ ನನ್ನ ಪಾಲಿನ ಹಬ್ಬವೆಂದರೆ ಅಣ್ಣನ ಖಾತೆಗೆ ಹಣ ಹಾಕುವುದಷ್ಟೇ ಆಗಿತ್ತು. ಈಗ ಮೊಬೈಲಿನಲ್ಲಿ ದುಡ್ಡು ಕಟ್ಟಿದರೆ ಗಯಾದಲ್ಲಿ ನಮ್ಮ ಹೆಸರಿನಲ್ಲಿ ಪಿಂಡ ಬಿಟ್ಟು ವಿಡಿಯೊ ಕಳಿಸುವವರೂ ಇದ್ದಾರೆ. ನಾನು ಮಾಡುತ್ತಿದ್ದುದೂ ಹೆಚ್ಚುಕಡಿಮೆ ಅದನ್ನೇ.

ಆಗ ಮಗಳು ಶಾಲೆಯ ಪ್ರಾಜೆಕ್ಟಿಗೆ ವಂಶವೃಕ್ಷ ಬರೆಯಲು ಕೂತಳು. ಗಂಡಸರ ಹೆಸರು ನಾಲ್ಕು ತಲೆಮಾರಿನವರೆಗೆ ಹೇಳಿದೆ. ‘ನಿಮ್ಮ ಮುತ್ತಜ್ಜಿ ಹೆಸರೇನಪ್ಪ?’ ಎಂದಳು. ಗೊತ್ತಿರಲಿಲ್ಲ. ಅವ್ವನಿಗೆ ಫೋನ್ ಮಾಡಿದೆ. ‘ಎಲ್ಲಾರೂ ದೊಡ್ಡವ್ವ ಅಂತಿದ್ರು ಕಣಪ್ಪ. ಹೆಸ್ರು ಯಾರು ಕರೀತಿದ್ರು?’ ಎಂದಳು. ವರ್ಷವರ್ಷ ಹೊಸ ಸೀರೆ ಇಟ್ಟು ಎಡೆ ಹಾಕಿಸಿಕೊಂಡ ಒಬ್ಬ ಹೆಂಗಸಿನ ಹೆಸರು ಹಾಗೆ ಕಳೆದುಹೋಗಿದೆ.

ಮಂತ್ರ ಹೇಳಿ ಮಹಾಲಯ ಮಾಡುವವರು ತಂದೆಯ ಕಡೆಯ ಮೂರು ತಲೆಮಾರು, ತಾಯಿಯ ತವರಿನ ಮೂರು ತಲೆಮಾರು, ಹೆಂಗಸರನ್ನೂ ಸೇರಿಸಿ, ಒಬ್ಬೊಬ್ಬರ ಹೆಸರು ಹಿಡಿದು ತರ್ಪಣ ಬಿಡುತ್ತಾರೆ. ಹಿಂದೆ ಯಾರೂ ಇಲ್ಲದೆ ಸತ್ತವರಿಗೂ ಅಲ್ಲಿ ಒಂದು ಬೊಗಸೆ ನೀರಿದೆ. ಇಲ್ಲಿ ಮುಠಾ ನದಿಯ ದಡದ ಓಂಕಾರೇಶ್ವರದಲ್ಲಿ ಹತ್ತನೆಯ ದಿನದ ಕಾರ್ಯ ಮಾಡುವವರನ್ನು ನೋಡಿದ್ದೇನೆ. ಕಾಗೆ ಪಿಂಡ ಮುಟ್ಟದಿದ್ದರೆ ಮನೆಯವರು ಸತ್ತವರಿಗೆ ಮಾತು ಕೊಡುತ್ತಾರೆ: ತಂಗಿಯ ಮದುವೆ ಮಾಡುತ್ತೇವೆ, ಅಮ್ಮನನ್ನು ನೋಡಿಕೊಳ್ಳುತ್ತೇವೆ. ಹೆಸರು ಹೇಳುವುದು, ಮಾತು ಕೊಡುವುದು, ಅವರಿಗಿಷ್ಟವಾದದ್ದನ್ನು ಬೇಯಿಸುವುದು. ಯಾವ ಜಾತಿಯ, ಯಾವ ಊರಿನ ಪದ್ಧತಿಯಾದರೂ ಇದರ ತಿರುಳು ಇಷ್ಟೇ ಎಂದು ನನಗನ್ನಿಸುತ್ತದೆ. ಈ ಮೂರನ್ನೂ ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸಲಾಗದು. ಮಕ್ಕಳ ಕಣ್ಣೆದುರು ನಡೆಯದಿದ್ದರೆ ಮುಂದಕ್ಕೂ ಹೋಗದು.

ಅದಕ್ಕೇ ಪರಊರಿನಲ್ಲಿರುವ ನನ್ನಂಥವರಿಗೆ ಒಂದು ಮಾತು. ಊರಿಗೆ ಹೋಗಲಾಗುವುದಿಲ್ಲ ಎಂದು ಹಬ್ಬವನ್ನೇ ಬಿಡಬೇಡಿ. ಊರಿನ ಎಡೆಯನ್ನು ಕೆಡಿಸಲೂ ಬೇಡಿ. ಪಕ್ಷಕ್ಕೆ ಹದಿನೈದು ದಿನವಿದೆ. ಊರಿನದು ಒಂದು ದಿನವಾದರೆ ನಿಮ್ಮದು ಇನ್ನೊಂದು ದಿನವಾಗಲಿ. ಮಾಂಸವೋ ಪಾಯಸವೋ, ನಿಮ್ಮ ಹಿರಿಯರು ಉಂಡಿದ್ದನ್ನೇ ಇಡಿ, ಪಕ್ಕದ ಮನೆಯವರು ಏನೆನ್ನುತ್ತಾರೋ ಎಂದು ಬದಲಿಸಬೇಡಿ. ಮನೆಯ ಹಿರಿಯರು ಇರುವಾಗಲೇ ಹೆಸರುಗಳನ್ನು ಕೇಳಿ ಬರೆದಿಟ್ಟುಕೊಳ್ಳಿ, ಹೆಂಗಸರ ಹೆಸರನ್ನು ಮೊದಲು ಕೇಳಿ.

2025ರಲ್ಲಿ ಅಮಾವಾಸ್ಯೆ ಸೆಪ್ಟೆಂಬರ್ 21ರ ಭಾನುವಾರ ಬಿತ್ತು. ನಾವು ಹಿಂದಿನ ಭಾನುವಾರವೇ ಎಡೆ ಇಟ್ಟೆವು. ಮಗಳು ಅಪ್ಪನ ಫೋಟೊದ ಪಕ್ಕ ‘ದೊಡ್ಡವ್ವ’ ಎಂದು ಬರೆದ ಚೀಟಿ ನಿಲ್ಲಿಸಿದಳು. ಹನ್ನೊಂದನೇ ಮಹಡಿಯಲ್ಲಿ ಜಗುಲಿ ಎಲ್ಲಿಂದ ಬರಬೇಕು? ಬಾಗಿಲು ಎಳೆದುಕೊಂಡು ಮನೆಮಂದಿಯೆಲ್ಲ ಲಿಫ್ಟಿನ ಮುಂದೆ ಕೂತೆವು. ಎದುರು ಮನೆಯವರು ಬೀಗದ ಕೈ ಕಳೆದುಹೋಯಿತೇ ಎಂದು ವಿಚಾರಿಸಿದರು. ಟೆರೇಸಿನಲ್ಲಿ ಅನ್ನ ಇಡಬಾರದೆಂದು ಸೊಸೈಟಿಯ ನೋಟಿಸ್ ಇದೆ, ಕಾಗೆಯ ಪಾಲನ್ನು ಹೊರಗಿನ ಮರದಡಿ ಇಟ್ಟು ಬಂದೆ. ಗೆಳೆಯ ಬಂದ. ಮಟನ್ ಮುಟ್ಟಲಿಲ್ಲ, ಆದರೆ ತಮ್ಮ ಮನೆಯ ಖೀರಿನ ಡಬ್ಬಿ ತಂದಿದ್ದ. ಅದೂ ಎಲೆಯ ಮೇಲೆ ಹೋಯಿತು.

ಬಾಗಿಲು ತಟ್ಟಿ ಒಳಗೆ ಹೋದ ಮೇಲೆ ಅಣ್ಣನಿಗೆ ವಿಡಿಯೊ ಕಾಲ್ ಮಾಡಿ ಎಡೆ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಆಮೇಲೆ ಕೇಳಿದ:

‘ಅಪ್ಪುಂಗೆ ಬೋಟಿ ಗೊಜ್ಜು ಇಕ್ಕಿಲ್ವಲ್ಲೋ?’

‘ಇಲ್ಲಿ ಬೋಟಿ ಸಿಗಲಿಲ್ಲ ಕಣಣ್ಣ.’

‘ಹೋಗ್ಲಿ ಬಿಡು. ಬರೋ ಭಾನುವಾರ ನಾನು ಇಕ್ತೀನಿ.’